ಪ್ರಪೋಸಲ್ ಬರೆಯುವಾಗ ಹಳ್ಳಿಗೆ ಹೋಗುವವರನ್ನೂ ಕೂರಿಸಿಕೊಳ್ಳಿ

ಧಾರವಾಡದ ನಮ್ಮ ಪುಟ್ಟ ಸಂಸ್ಥೆಯಿಂದ ಕಳೆದ ವಾರ ಹಣದ ನೆರವು ಕೇಳಿ ಒಂದು ಪ್ರಪೋಸಲ್ ಕಳಿಸಿದೆವು. ಕುಂದಗೋಳ ತಾಲ್ಲೂಕಿನ ಹಳ್ಳಿಗಳಲ್ಲಿ ಹೈಸ್ಕೂಲ್ ಹುಡುಗಿಯರಿಗೆ ಸಂಜೆ ಓದಿನ ಕೇಂದ್ರ ಮಾಡುವ ಯೋಜನೆ. ಮೊದಲ ಡ್ರಾಫ್ಟ್ ಮಾಡಿದ್ದು ಆಫೀಸಿನಲ್ಲಿ ಕೂರುವ ನಾವು ಮೂವರು. ಹಳೇ ಪ್ರಪೋಸಲ್ ತೆಗೆದು, ಊರಿನ ಹೆಸರು ಬದಲಿಸಿ, 'ಪಾಲಕರಲ್ಲಿ ಶಿಕ್ಷಣದ ಅರಿವಿನ ಕೊರತೆ' ಎಂದು ಬರೆದುಬಿಟ್ಟಿದ್ದೆವು.

ಅದನ್ನು ನಮ್ಮ ಫೀಲ್ಡ್ ಕಾರ್ಯಕರ್ತೆಯ ಮುಂದೆ ಓದಿದೆ. ಅವರು ತಮ್ಮ ನೋಟ್‌ಬುಕ್ ತೆರೆದರು. ಮೂಲೆ ಮಡಚಿದ ಇನ್ನೂರು ಪುಟದ ಬುಕ್ಕು. ಹುಡುಗಿಯರ ಹೆಸರು, ಪಕ್ಕದಲ್ಲಿ ಬಸ್ಸಿನ ಟೈಮು.

"ಅರಿವು ಐತ್ರಿ ಸರ. ನಾಲ್ಕೂವರೆಗೆ ಕ್ಲಾಸ್ ಅಂತ ಬರದೀರಿ, ಹುಡುಗ್ಯಾರು ಬಸ್ ಇಳದು ಮನಿ ಮುಟ್ಟೂದ ಆರಕ್ಕ. ಜನವರಿ ತುಂಬ ಪಾಲಕರ ಸಭೆ ಇಟ್ಟೀರಿ. ಆವಾಗ ಮೆಣಸಿನಕಾಯಿ ಬಿಡಸೂದಿರ್ತದ, ಯಾರ್ ಬರ್ತಾರ?"

ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಹುಟ್ಟಿ ಬೆಳೆದವನು ನಾನು. ನನಗೇ ಹೊಳೆದಿರಲಿಲ್ಲ ಅಲ್ವಾ ಅನ್ನಿಸಿ ಬಹಳ ಬೇಜಾರಾಯಿತು.

2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ ಇಡಬೇಕು. ಆ ಹಣಕ್ಕಾಗಿ ನಮ್ಮಂಥ ಎಷ್ಟೋ ಸಂಸ್ಥೆಗಳು ಬರೆಯುತ್ತವೆ. ತೆರಿಗೆ ವಿನಾಯಿತಿಯ 12ಎ, 80ಜಿ ಪತ್ರಗಳು, ಆ ಹಣ ಪಡೆಯಲು ಬೇಕಾದ ನೋಂದಣಿಯಾದ ಸಿಎಸ್‌ಆರ್-1, ಆಡಿಟ್ ವರದಿ ಇವನ್ನೆಲ್ಲ ಅಕೌಂಟ್ಸ್‌ನವರು ಜೋಡಿಸುತ್ತಾರೆ. ಕೊನೆಗೆ ಭಾಷೆ ಒಂದೇ ಥರ ಇರಲಿ ಅಂತ ಪೂರ್ತಿ ತಿದ್ದುವುದು ಒಬ್ಬರೇ ಆಗಬೇಕು, ಅದನ್ನೂ ಒಪ್ಪುತ್ತೇನೆ. ಆದರೆ ಸಮಸ್ಯೆ ಏನು ಅಂತ ಬರೆಯುವ ದಿನ ಹಳ್ಳಿಗೆ ಹೋಗುವವರು ಜೊತೆಗೆ ಇರಲೇಬೇಕು. ಡ್ರಾಫ್ಟ್ ಮುಗಿದ ಮೇಲೆ ಸುಮ್ನೆ ತೋರಿಸಿದರೆ ಸಾಲದು.

ಬಜೆಟ್ ಹಾಕುವಾಗಲಂತೂ ಇನ್ನೂ ಜಾಸ್ತಿ ಬೇಕು. ಮೊತ್ತ ಮೀರಿದರೆ ನಾವು ಮೊದಲು ಕತ್ತರಿಸುವುದು ಅವರ ಪೆಟ್ರೋಲ್ ಖರ್ಚನ್ನೇ. ಎದುರಿಗೆ ಕೂತಿದ್ದರೆ ಕೈ ಬರುವುದಿಲ್ಲ. ಬ್ಯಾನರ್, ಉದ್ಘಾಟನೆ ಸಮಾರಂಭದ ದುಡ್ಡು ತೆಗೆಯಿರಿ. ಪೆಟ್ರೋಲ್ ಮುಟ್ಟಬೇಡಿ.

ಕಳಿಸಿದ ಪ್ರಪೋಸಲ್‌ನಲ್ಲಿ ಕೇಂದ್ರ ತೆರೆಯುವುದು ಆರೂವರೆಗೆ. ಪಾಲಕರ ಸಭೆ ಮಾರ್ಚ್‌ಗೆ ಹೋಗಿದೆ. ಕತ್ತಲಾದ ಮೇಲೆ ಹುಡುಗಿಯರನ್ನು ಮನೆ ಮುಟ್ಟಿಸುವ ಇಬ್ಬರು ತಾಯಂದಿರಿಗೆ ಗೌರವಧನ ಅಂತ ಬಜೆಟ್‌ನಲ್ಲಿ ಹೊಸದೊಂದು ಸಾಲಿದೆ. ಅದನ್ನು ಆ ಕಾರ್ಯಕರ್ತೆಯೇ ಪಕ್ಕದಲ್ಲಿ ಕೂತು ಬರೆಸಿದರು.