ದವಡೆ ನೋಡಿ ನಿಯಾಂಡರ್ತಾಲರ ಕಥೆ ಹೇಳಬಹುದೇ?

ಪರ

ಧಾರಾಳವಾಗಿ ಹೇಳಬಹುದು. ಕನ್ನಡಿ ಮುಂದೆ ಬಾಯಿ ತೆರೆದು ನೋಡಿ. ನಮಗೆ ಕೊನೆಯ ಹಲ್ಲು ಮುಗಿಯುತ್ತಿದ್ದಂತೆ ದವಡೆ ಮೇಲಕ್ಕೆ ಏರಿಬಿಡುತ್ತದೆ. ನಮ್ಮ ಹತ್ತಿರದ ನೆಂಟರಾದ, ಈಗ ಅಳಿದುಹೋಗಿರುವ ಹಳೇ ಮಾನವರಾದ ನಿಯಾಂಡರ್ತಾಲರಲ್ಲಿ ಬುದ್ಧಿ ಹಲ್ಲಿನ ಹಿಂದೆ ಸಾಮಾನ್ಯವಾಗಿ ಒಂದಿಷ್ಟು ಖಾಲಿ ಜಾಗ ಇರುತ್ತದೆ. (ಅಡ್ಡ ಬೆಳೆದ ಬುದ್ಧಿ ಹಲ್ಲು ಕೀಳಿಸಿಕೊಂಡು ಮೂರು ದಿನ ಗಂಜಿ ಕುಡಿದವನಿಗೆ ಹೊಟ್ಟೆಕಿಚ್ಚು ಆಗದೆ ಇರುತ್ತಾ?) ಗದ್ದವೂ ನಮ್ಮ ಹಾಗೆ ಮುಂದೆ ಚಾಚಿಲ್ಲ.

ಇದರ ಬೆಲೆ ಗೊತ್ತಾಗುವುದು ಸ್ಪೇನಿನ ಅಟಪುಯೆರ್ಕಾ ಬೆಟ್ಟದಲ್ಲಿ. ಅಲ್ಲಿ ಗುಹೆಯೊಳಗೆ ‘ಮೂಳೆಗಳ ಗುಂಡಿ’ ಅಂತಲೇ ಹೆಸರಾದ ಒಂದು ಆಳವಾದ ಗುಂಡಿಯಿದೆ. ಅದರಲ್ಲಿ ಸುಮಾರು 4,30,000 ವರ್ಷ ಹಿಂದಿನ ಕನಿಷ್ಠ 28 ಜನರ ಮೂಳೆಗಳು ಸಿಕ್ಕಿವೆ. ಅವರ ದವಡೆ, ಹಲ್ಲು ಆಗಲೇ ನಿಯಾಂಡರ್ತಾಲರ ಹಾಗೆ, ಆದರೆ ಮಿದುಳು ಕೂರುವ ಬುರುಡೆ ಇನ್ನೂ ಹಳೇ ತರಹದ್ದು. ಅಂದರೆ ಬಾಯಿ ಮೊದಲು ಬದಲಾಯಿತು, ತಲೆ ಆಮೇಲೆ. ಬರೀ ಬುರುಡೆ ನೋಡಿದ್ದರೆ ಈ ಸರದಿ ತಿಳಿಯುತ್ತಿರಲಿಲ್ಲ. 2016ರಲ್ಲಿ ಡಿಎನ್‌ಎ ಕೂಡ ಇವರು ನಿಯಾಂಡರ್ತಾಲರ ಕಡೆಯವರೇ ಎಂದಿತು. ದವಡೆ ಸುಳ್ಳು ಹೇಳಿರಲಿಲ್ಲ.

ವಿರೋಧ

28 ಜನರ ರಾಶಿ ಸಿಕ್ಕರೆ ಯಾರು ಬೇಕಾದರೂ ಹೇಳುತ್ತಾರೆ. ಹೆಚ್ಚಿನ ಕಡೆ ಸಿಗುವುದು ಒಂದೇ ಒಂದು ದವಡೆ, ಅದೂ ಎಷ್ಟೋ ಸಲ ಮುರಿದದ್ದು.

ಗದ್ದದ ಮಾತನ್ನಂತೂ ಬಿಟ್ಟೇಬಿಡಿ. 1907ರಲ್ಲಿ ಜರ್ಮನಿಯ ಮಾವರ್ ಊರಿನ ಮರಳು ಗುಂಡಿಯಲ್ಲಿ ಕೆಲಸಗಾರನೊಬ್ಬನಿಗೆ ಸಿಕ್ಕ ಆರು ಲಕ್ಷ ವರ್ಷ ಹಳೆಯ ದಪ್ಪ ದವಡೆಗೂ ಗದ್ದ ಇಲ್ಲ. ಹಳಬರು ಯಾರಿಗೂ ಇರಲಿಲ್ಲ. ಗದ್ದ ಇಟ್ಟುಕೊಂಡ ವಿಚಿತ್ರ ಪ್ರಾಣಿ ನಾವು. ಆ ಮಾವರ್ ದವಡೆಯವನು ನಿಯಾಂಡರ್ತಾಲರ ಅಜ್ಜನೋ ಅಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ರೊಮೇನಿಯಾದ ಗುಹೆಯಲ್ಲಿ 2002ರಲ್ಲಿ ಸಿಕ್ಕ ದವಡೆಗೆ ಸುಮಾರು 40,000 ವರ್ಷ. ಗದ್ದ ಇದೆ, ನಮ್ಮವನೇ. ಆದರೆ ಒಳಮಗ್ಗುಲಲ್ಲಿ ನರ ಹೋಗುವ ತೂತು ನಿಯಾಂಡರ್ತಾಲರ ತರಹ ಅಡ್ಡಗಲ. ಬೆರಕೆಯಾ? ಈಗಿನ ಕೆಲವರಲ್ಲೂ ಅಂಥ ತೂತು ಇರುವುದರಿಂದ ಮೂಳೆ ನೋಡಿದವರು ವಾದ ಮಾಡಬಹುದಿತ್ತು ಅಷ್ಟೇ. ನಾಲ್ಕರಿಂದ ಆರು ತಲೆಮಾರು ಹಿಂದೆ ಇವನಿಗೊಬ್ಬ ನಿಯಾಂಡರ್ತಾಲ್ ಪೂರ್ವಜ ಇದ್ದ ಎಂದು 2015ರಲ್ಲಿ ಖಚಿತವಾಗಿ ಹೇಳಿದ್ದು ಡಿಎನ್‌ಎ.

ಇನ್ನು ಟಿಬೆಟ್ ಪ್ರಸ್ಥಭೂಮಿಯ ಶಾಹೆ ದವಡೆ. 1980ರಲ್ಲಿ ಬೌದ್ಧ ಸನ್ಯಾಸಿಯೊಬ್ಬರಿಗೆ ಸಿಕ್ಕಿದ್ದು. ಗದ್ದ ಇಲ್ಲ, ದೊಡ್ಡ ಹಲ್ಲು, ಗಟ್ಟಿ ಮೂಳೆ. ಸುಮ್ನೆ ನೋಡಿದರೆ ಯಾರ ಹೆಸರು ಬೇಕಾದರೂ ಅಂಟಿಸಬಹುದಿತ್ತು. ಅದು ನಿಯಾಂಡರ್ತಾಲರ ದಾಯಾದಿಗಳಾದ, ಡೆನಿಸೋವನ್ ಎಂಬ ಇನ್ನೊಂದು ಹಳೇ ಮಾನವ ಗುಂಪಿನವರದು ಎಂದು ಗೊತ್ತಾಗಿದ್ದು 2019ರಲ್ಲಿ, ಹಲ್ಲನ್ನು ಕೊರೆದು ತೆಗೆದ ಚಿಟಿಕೆ ಪುಡಿಯ ಪ್ರೋಟೀನಿನಿಂದ.