ಲೈನ್ ಮನೆಯವರನ್ನು ಕೇಳದೆ ಮಳೆಗಾಲದ ಪ್ಲಾನ್ ಮಾಡಬೇಡಿ

ಮಳೆ ಹಿಡಿಯುವ ಮುಂಚೆ ಕೊಡಗಿನಲ್ಲಿ ಮುನ್ನೆಚ್ಚರಿಕೆ ಸಭೆಗಳು ಶುರುವಾಗುತ್ತವೆ. ಕಾಳಜಿ ಕೇಂದ್ರ ಎಲ್ಲೆಲ್ಲಿ, ಜೆಸಿಬಿ ಯಾರದ್ದು, ಎನ್‌ಡಿಆರ್‌ಎಫ್ ತಂಡ ಎಲ್ಲಿ ಉಳಿಯುತ್ತದೆ, ಎಲ್ಲ ಬರೆದಿಡುತ್ತಾರೆ. 2018ರ ಭೂಕುಸಿತ, ಪ್ರವಾಹದ ಹೊಡೆತ ತಿಂದ ಮೇಲೆ ಇಷ್ಟಾದರೂ ಆಗುತ್ತಿದೆ, ಒಪ್ಪೋಣ. ನನ್ನ ತಕರಾರು ಬೇರೆ. ಆ ಸಭೆಯಲ್ಲಿ ಕೂರುವವರು ಯಾರು? ಅಧಿಕಾರಿಗಳು, ಪಂಚಾಯ್ತಿ ಸದಸ್ಯರು, ನಮ್ಮಂಥ ನಾಲ್ಕು ಜನ ತೋಟದವರು. ಬರೆಯ, ಅಂದರೆ ಕಡಿದಾದ ಇಳಿಜಾರಿನ, ಕೆಳಗೆ ತೋಟದ ಕೂಲಿ ಸಾಲುಮನೆಗಳಲ್ಲಿರುವ ಲೈನಿನವರು, ಹೊಳೆದಂಡೆಯವರು, ಬುಡಕಟ್ಟು ಹಾಡಿಗಳವರು ಆ ಹೊತ್ತಿಗೆ ಕೂಲಿಗೆ ಹೋಗಿರುತ್ತಾರೆ.

ಕೊಡಗು ಅಂದರೆ ಹೊರಗಿನವರಿಗೆ ಕೊಡವರು ಮತ್ತು ಕಾಫಿ, ಅಷ್ಟೇ. ಇಲ್ಲಿರುವ ನಮಗೆ ಗೊತ್ತಲ್ವಾ? ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಯರವರ ಮಾತು, ಜೇನುಕುರುಬರ ಮಾತು. ಈಗ ತೋಟಗಳಲ್ಲಿ ಅಸ್ಸಾಂ ಕಡೆಯವರೂ ಜಾಸ್ತಿ. ರೆಡ್ ಅಲರ್ಟ್ ಮಾತ್ರ ನಮಗೆ ಕನ್ನಡದಲ್ಲಿ ಬರುತ್ತದೆ, ಅದೂ ವಾಟ್ಸಾಪ್‌ನಲ್ಲಿ. ಎರಡು ದಿನ ಕರೆಂಟ್ ಹೋಗಿ ಟವರ್ ಮಲಗಿದರೆ ಅದೂ ಇಲ್ಲ.

ಹಾಗಂತ ಬರೀ ಭಾಷೆಯ ತೊಂದರೆ ಅಂದುಕೊಳ್ಳಬೇಡಿ. ಒಂದು ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ, ಹೊಳೆ ಏರುತ್ತಿದ್ದಾಗ ಹತ್ತಿರದ ಲೈನಿಗೆ ಹೋಗಿ "ಸ್ಕೂಲಿಗೆ ಹೋಗಿಬಿಡಿ" ಅಂದೆವು. ಅಲ್ಲಿದ್ದ ಯರವರ ಅಜ್ಜಿಗೆ ನಾವು ಹೇಳಿದ್ದು ಚೆನ್ನಾಗಿಯೇ ಅರ್ಥವಾಗಿತ್ತು. ಮಂಕರಿಯಲ್ಲಿ ಮುಚ್ಚಿಟ್ಟಿದ್ದ ಕೋಳಿಗಳನ್ನು ತೋರಿಸಿ "ಇವನ್ನ ಯಾರು ನೋಡ್ತಾರೆ?" ಅಂದರು. ಮಗ ಇನ್ನೂ ದೊಡ್ಡ ಮಾತು ಹೇಳಿದ. "ಸಾಹುಕಾರ್ರು ಹೇಳ್ಲಿ ಅಣ್ಣಾ. ಅಡ್ವಾನ್ಸ್ ತಗೊಂಡಿದ್ದೀವಿ. ಕೇಳ್ದೆ ಹೋದ್ರೆ ಓಡಿಹೋದ್ರು ಅಂತಾರೆ." ಸಾಹುಕಾರರು ಬೆಂಗಳೂರಿನಲ್ಲಿದ್ದರು. ಕೊನೆಗೆ ತೋಟದ ಲೆಕ್ಕ ನೋಡುವ ರೈಟರ್ ಬಂದು ಹೇಳಿದ ಮೇಲೆಯೇ ಎಲ್ಲರೂ ಎದ್ದದ್ದು, ಕೋಳಿ ಸಮೇತ. ಯಾವ ಪ್ಲಾನಿನಲ್ಲಿ ಕೋಳಿಗೆ, ಅಡ್ವಾನ್ಸಿಗೆ ಜಾಗ ಇದೆ?

2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ಮನೆಗಳನ್ನೇ ಕೊಚ್ಚಿಕೊಂಡು ಹೋದಳು. ಹೊಳೆದಂಡೆಯಲ್ಲಿ ಯಾರೂ ಶೋಕಿಗೆ ಮನೆ ಕಟ್ಟಿರುವುದಿಲ್ಲ. ಕೂಲಿ ಮಾಡುವವರಿಗೆ ಬೇರೆ ಕಡೆ ಜಾಗ ಸಿಗುವುದಿಲ್ಲ, ಅಷ್ಟೇ. 2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಜಾರಿದಾಗ ತೋಟದ ಪಾಡಿಗಳೂ (ಅಲ್ಲಿನ ಲೈನ್ ಮನೆಗಳು) ಹೋದವು. ಸತ್ತವರಲ್ಲಿ ಬಿಹಾರದಿಂದ ಬಂದ ಕೂಲಿಯವರೂ ಇದ್ದರು. ಇಂಥವರ ಹೆಸರು ಮೊದಲೇ ಎಲ್ಲಾದರೂ ಬರೆದಿರದಿದ್ದರೆ, ಮಣ್ಣಿನಡಿ ಯಾರನ್ನು ಹುಡುಕಬೇಕು ಎಂದು ಹೇಗೆ ಗೊತ್ತಾಗಬೇಕು?

ಪರಿಹಾರ ಕೊಡುವಾಗ ಜಾತಿ, ಧರ್ಮ, ಸಮುದಾಯ ನೋಡಬಾರದು ಎಂದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಂ ಹೇಳುತ್ತದೆ. ಒಳ್ಳೆಯದೇ. ಆದರೆ ಲೈನ್ ಮನೆ ಸಾಹುಕಾರರ ಹೆಸರಲ್ಲಿರುತ್ತದೆ. ರೇಷನ್ ಕಾರ್ಡ್ ಇನ್ನೆಲ್ಲೋ ಇರುತ್ತದೆ. ಹೆಸರೇ ಪಟ್ಟಿಗೆ ಬರದಿದ್ದರೆ ಭೇದ ಮಾಡುವ ಪ್ರಶ್ನೆಯಾದರೂ ಎಲ್ಲಿ ಬಂತು?

"ಇವರನ್ನೆಲ್ಲ ಕರೆದರೆ ಸಭೆ ಮುಗಿಯೋದು ಯಾವಾಗ?" ಅಂತ ಕೇಳುವವರಿದ್ದಾರೆ. ಎಲ್ಲರೂ ಸಭೆಗೆ ಬರೋದು ಬೇಡ, ನೀವೇ ಸಂತೆಗೆ ಹೋಗಿ. ಲೈನಿನವರು ಸಾಮಾನಿಗೆ ಅಲ್ಲಿಗೇ ತಾನೇ ಬರುವುದು? ಮೈಕ್ ಕಟ್ಟಿದ ಆಟೋದಲ್ಲಿ ಮಲಯಾಳ, ತಮಿಳು, ಹಿಂದಿ, ಯರವರ ಮಾತಿನಲ್ಲಿ ಹೇಳಿಸಿ. ಹೇಳುವವರು ಆಯಾ ಜನರೇ ಆಗಿರಲಿ. ಹೇಳುವುದಷ್ಟೇ ಅಲ್ಲ, ಕೇಳಿ ಕೂಡ. ಯಾವ ಬರೆಯಲ್ಲಿ ಬಿರುಕು ಬಿಟ್ಟಿದೆ, ಯಾವ ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಂಪು ನೀರು ಬರುತ್ತಿದೆ ಎಂದು ಮೊದಲು ನೋಡುವುದು ದಿನಾ ಅದೇ ದಾರಿಯಲ್ಲಿ ತಿರುಗುವವರು. ನಾವು ಜೀಪಲ್ಲಿ ಹೋಗುವವರು, ನಮಗೇನು ಕಾಣುತ್ತದೆ?

ತೋಟ ಇರುವ ಗೆಳೆಯರಿಗೆ ಒಂದು ಮಾತು. ಲೈನಿನಲ್ಲಿ ಯಾರ್ಯಾರಿದ್ದಾರೆ, ಮಕ್ಕಳೆಷ್ಟು, ನಡೆಯಲಾಗದ ವಯಸ್ಸಾದವರು ಯಾರು ಎಂದು ರೈಟರ್ ಹತ್ತಿರ ಈ ವಾರವೇ ಬರೆಸಿ, ಒಂದು ಪ್ರತಿ ಪಂಚಾಯ್ತಿಗೆ ಕೊಡಿ. ರೆಡ್ ಅಲರ್ಟ್ ದಿನ ನಿಮ್ಮನ್ನು ಕೇಳದೆ ಹೊರಡಬಹುದು ಎಂದು ಈಗಲೇ ಬಾಯಿಬಿಟ್ಟು ಹೇಳಿ. ನಮ್ಮ ಪಂಚಾಯ್ತಿ ಸಭೆ ಇನ್ನೂ ಆಗಿಲ್ಲ, ದಿನ ಗೊತ್ತಾದ ಕೂಡಲೇ ಇಲ್ಲಿ ಹಾಕುತ್ತೇನೆ. ನಿಮ್ಮ ಲೈನಿನಿಂದ ಇಬ್ಬರನ್ನಾದರೂ ಕಳಿಸಿ. ಆ ದಿನದ ಕೂಲಿ ಮಾತ್ರ ಹಿಡಿಯಬೇಡಿ.