‘ಲೈವ್ ಬ್ಯಾಂಡ್’ ಎಂಬ ಹೆಸರಿನಡಿ ಸಿಕ್ಕಿಬಿದ್ದ ಹಾಡು

ತೊಂಬತ್ತರ ದಶಕದ ಬೆಂಗಳೂರಿನ ಪಬ್‌ಗಳ ಬಗ್ಗೆ ಕನ್ನಡದಲ್ಲಿ ನಾನು ಓದಿರುವ ಬರಹಗಳಲ್ಲಿ ಬಿಯರಿನ ಮಾತು ಹೆಚ್ಚು, ಹಾಡಿನ ಮಾತು ಕಡಿಮೆ. ಹನುಮಂತನಗರದಲ್ಲಿ ಬಸ್ಸು ಹತ್ತಿ ದಂಡು ಪ್ರದೇಶಕ್ಕೆ, ಅಂದರೆ ಕಂಟೋನ್ಮೆಂಟಿಗೆ, ಹೋಗುತ್ತಿದ್ದ ನನ್ನಂಥ ಹುಡುಗರಿಗೆ ಅವು ಮೊದಲಿಗೆ ಹಾಡು ಕೇಳುವ ಕೋಣೆಗಳಾಗಿದ್ದವು. ಮನೆಯ ಟೇಪ್‌ರೆಕಾರ್ಡರಿನಲ್ಲಿ ಭಾವಗೀತೆ, ದೇವರನಾಮ, ರಾಜಕುಮಾರ್ ಹಾಡುಗಳನ್ನು ಕೇಳಿ ಬೆಳೆದ ನಮಗೆ ಗಿಟಾರು ಅಳುವುದನ್ನೂ ಗದರುವುದನ್ನೂ ತೋರಿಸಿಕೊಟ್ಟದ್ದು ಆ ಮಬ್ಬುಗತ್ತಲೆಯ ಕೋಣೆಗಳೇ.

ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಲ್ಲಿ ಆರಂಭವಾದ ಪೆಕೋಸ್ ಪಬ್ ನನ್ನ ಮಟ್ಟಿಗೆ ಒಂದು ಶಾಲೆಯಾಗಿತ್ತು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಂಥ ಇಕ್ಕಟ್ಟಿನ ಮೆಟ್ಟಿಲು, ಗೋಡೆಯ ತುಂಬ ಹಳೆಯ ಪೋಸ್ಟರುಗಳು, ಕೌಂಟರಿನ ಹಿಂದೆ ಸಾಲುಸಾಲಾಗಿ ಜೋಡಿಸಿಟ್ಟ ಕ್ಯಾಸೆಟ್ಟುಗಳು. ಬೇಕಾದ ಹಾಡಿನ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಕೌಂಟರಿನಲ್ಲಿದ್ದಾತ ಆ ಕ್ಯಾಸೆಟ್ಟನ್ನು ಹುಡುಕಿ ತೆಗೆದು, ಸಡಿಲವಾಗಿದ್ದ ಟೇಪನ್ನು ಕಿರುಬೆರಳಿನಿಂದ ತಿರುವಿ ಬಿಗಿ ಮಾಡಿ, ಯಂತ್ರಕ್ಕೆ ಹಾಕುತ್ತಿದ್ದ. ನಾವು ಕೇಳಿದ ಒಂದು ಹಾಡಿನ ನೆಪದಲ್ಲಿ ನಾವು ಕೇಳದೇ ಇದ್ದ ನಾಲ್ಕು ಹಾಡುಗಳೂ ಕಿವಿಗೆ ಬೀಳುತ್ತಿದ್ದವು, ಏಕೆಂದರೆ ಆ ಮಗ್ಗುಲು ಪೂರ್ತಿಯಾಗುವ ತನಕ ಅವನು ಮುಂದಿನ ಚೀಟಿಯನ್ನು ಮುಟ್ಟುತ್ತಿರಲಿಲ್ಲ. ನನಗೆ ಇಂದಿಗೂ ಪ್ರಿಯವಾದ ಎಷ್ಟೋ ಹಾಡುಗಳು ಹೀಗೆ ಬೇರೆ ಯಾರೋ ಬರೆದುಕೊಟ್ಟ ಚೀಟಿಯಿಂದ ನನಗೆ ದಕ್ಕಿದವು.

ಚರ್ಚ್ ಸ್ಟ್ರೀಟಿನಲ್ಲಿ ಆಕಾಶನೌಕೆಯ ಒಳಗಿನಂತೆ ಕಟ್ಟಿದ್ದ ನಾಸಾ ಪಬ್ ಇತ್ತು, ರೆಸಿಡೆನ್ಸಿ ರಸ್ತೆಯಲ್ಲಿ ಪರ್ಪಲ್ ಹೇಜ್ ಇತ್ತು. ಅಂಥ ಕಡೆಗಳಲ್ಲಿ ಕೇಳಿ ಬೆಳೆದ ಕಿವಿಗಳು ತಾವೇ ನುಡಿಸಲು ಹೊರಟದ್ದು ಸಹಜವೇ ಆಗಿತ್ತು. ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ತಂಡ 1996ರಲ್ಲಿ ಹುಟ್ಟಿತು. ಅದೇ ವರ್ಷದ ಸ್ವಾತಂತ್ರ್ಯ ದಿನದಂದು, ಯಾರು ಬೇಕಾದರೂ ಬಂದು ಉಚಿತವಾಗಿ ಕೇಳಬಹುದಾದ ಫ್ರೀಡಂ ಜ್ಯಾಮ್ ಎಂಬ ಸಂಗೀತೋತ್ಸವ ಶುರುವಾಯಿತು. ಎರಡು ವರ್ಷಗಳ ಬಳಿಕ ಕ್ರಿಪ್ಟೋಸ್ ತಂಡ ಬಂತು. ಅರಮನೆ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಎಂದು ಹಾಡಿದಾಗ ನೆರೆದ ಜನಸಾಗರವನ್ನು ನೆನೆಯದ ಕನ್ನಡಿಗರು ಕಡಿಮೆ. ಅದೇ ಮೈದಾನದಲ್ಲಿ 2007ರ ಮಾರ್ಚಿನಲ್ಲಿ ಬ್ರಿಟನ್ನಿನ ಐರನ್ ಮೇಡನ್ ತಂಡ, 2011ರ ಅಕ್ಟೋಬರಿನಲ್ಲಿ ಅಮೆರಿಕದ ಮೆಟಾಲಿಕಾ ತಂಡ ನುಡಿಸಿದಾಗಲೂ ಕೆಸರು ತುಳಿದುಕೊಂಡು ನಿಂತಿದ್ದವರಲ್ಲಿ ಬಸವನಗುಡಿ, ರಾಜಾಜಿನಗರ, ತುಮಕೂರು, ಮೈಸೂರುಗಳ ಹುಡುಗರಿದ್ದರು. ಈ ಮೂರೂ ಸಂಜೆಗಳನ್ನು ಕಂಡವನು ನಾನು, ಮೂರರಲ್ಲೂ ನನಗೆ ಕಂಡದ್ದು ಒಂದೇ ಊರು. ಮೈಸೂರಿನಿಂದ ಬಂದ ರಘು ದೀಕ್ಷಿತ್ ಗಿಟಾರು ಹಿಡಿದು ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಹಾಡಿದಾಗ ಅದು ಪರಕೀಯವೆಂದು ನಮಗಾರಿಗೂ ಅನ್ನಿಸಲಿಲ್ಲ.

ಆದರೆ ಇದೇ ಊರಿನ ಪತ್ರಿಕೆಗಳಲ್ಲಿ ‘ಲೈವ್ ಬ್ಯಾಂಡ್’ ಎಂಬ ಪದಕ್ಕೆ ಬೇರೆಯದೇ ಅರ್ಥ ಅಂಟಿಕೊಂಡಿತ್ತು. ಲೈವ್ ಬ್ಯಾಂಡ್ ಮೇಲೆ ದಾಳಿ ಎಂದರೆ ಹೆಣ್ಣುಮಕ್ಕಳನ್ನು ಕುಣಿಸುತ್ತಿದ್ದ ಬಾರಿನ ಮೇಲೆ ದಾಳಿ ಎಂದೇ ನಮ್ಮಮ್ಮ ತಿಳಿದಿದ್ದರು, ಹೀಗಾಗಿ ನನ್ನ ಗೆಳೆಯ ತಾನು ಬ್ಯಾಂಡಿನಲ್ಲಿದ್ದೇನೆ ಎಂದಾಗ ಅವರಿಗೆ ಗಾಬರಿಯಾಗಿತ್ತು. ಕಾನೂನೂ ಈ ಗೊಂದಲವನ್ನು ಬಿಡಿಸಲಿಲ್ಲ. ನಗರ ಪೊಲೀಸರ 2005ರ ಆದೇಶ ಕ್ಯಾಬರೆ, ಡಿಸ್ಕೋಥೆಕ್, ಲೈವ್ ಬ್ಯಾಂಡ್ ಎಲ್ಲವನ್ನೂ ಒಂದೇ ಪರವಾನಗಿಯ ಚೌಕಟ್ಟಿಗೆ ತಂದಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವರ್ಷ ಪಬ್‌ಗಳಿಗೆ ನೋಟಿಸುಗಳು ಬಂದವು, ನಗರದಲ್ಲಿ ಎಷ್ಟೋ ವೇದಿಕೆಗಳು ಮೌನವಾದವು. ಇಂದಿರಾನಗರದ ಹಮ್ಮಿಂಗ್ ಟ್ರೀ ಎಂಬ ಪಬ್ 2013ರಿಂದ ಹೊಸ ತಂಡಗಳಿಗೆ ಜಾಗ ಕೊಟ್ಟು, 2019ರಲ್ಲಿ ಬಾಗಿಲು ಮುಚ್ಚಿತು.

ನಿವಾಸಿಗಳ ದೂರು ಸುಳ್ಳೆಂದು ನಾನು ಹೇಳುತ್ತಿಲ್ಲ. ಮಧ್ಯರಾತ್ರಿ ಮಲಗುವ ಕೋಣೆಯ ಗೋಡೆ ಅದುರಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಗದ್ದಲಕ್ಕೆ ಮಿತಿ ಬೇಕು, ಬೆಂಕಿಯ ಭಯವಿರುವ ಕಟ್ಟಡಕ್ಕೆ ತಪಾಸಣೆಯೂ ಬೇಕು. ಆದರೆ ನಾಲ್ಕು ಜನ ಕುಳಿತು ಗಿಟಾರು, ತಬಲಾ, ಡ್ರಮ್ಸ್ ನುಡಿಸುವುದನ್ನು ಅರವತ್ತು ಜನ ಕೇಳುವ ಪುಟ್ಟ ಕೋಣೆಗೂ ಡಿಸ್ಕೋಥೆಕ್ಕಿಗೂ ವ್ಯತ್ಯಾಸವಿದೆ ಎಂಬುದನ್ನು ನಿಯಮ ಗುರುತಿಸಬೇಕು, ಅಂಥ ಕೋಣೆಗಳಿಗೆ ಸುಲಭವಾಗಿ ಸಿಗುವ ಪ್ರತ್ಯೇಕ ಪರವಾನಗಿ ಇರಬೇಕು. ಹಾಡುಗಾರ ಮೊದಲ ಸಲ ತಪ್ಪಾಗಿ ನುಡಿಸುವುದಕ್ಕೂ ಒಂದು ಜಾಗ ಬೇಕಾಗುತ್ತದೆ. ಅದು ಅರಮನೆ ಮೈದಾನ ಆಗಲಾರದು.

ಆ ಗೆಳೆಯನಿಗೆ 2018ರ ಒಂದು ಶುಕ್ರವಾರ ಮಧ್ಯಾಹ್ನ ಪಬ್ಬಿನಿಂದ ಫೋನು ಬಂದು, ಸಂಜೆ ಬರುವುದು ಬೇಡ ಎಂದರು. ಆಮೇಲೆ ಅವನು ರಾಜಾಜಿನಗರದ ತನ್ನ ಮನೆಯ ಮಹಡಿಯಲ್ಲಿ ಗಿಟಾರು ಪಾಠ ಶುರು ಮಾಡಿದ. ಕಳೆದ ತಿಂಗಳು ಅಲ್ಲಿಗೆ ಹೋಗಿದ್ದೆ. ಅವನ ಶಿಷ್ಯನೊಬ್ಬ, ಪಿಯುಸಿ ಓದುವ ಹುಡುಗ, ಶರೀಫರ ಪದವೊಂದಕ್ಕೆ ತಾನೇ ಕಟ್ಟಿದ ಧಾಟಿಯನ್ನು ಕೇಳಿಸಿದ. ನುಡಿಸುವ ಮೊದಲು ಎದ್ದು ಹೋಗಿ, ಯಾರೂ ಹೇಳದಿದ್ದರೂ, ಬೀದಿಯ ಕಡೆಯ ಎರಡು ಕಿಟಕಿಗಳನ್ನೂ ಮುಚ್ಚಿ ಬಂದ.